ಕಲ್ಲು ಎಂದು ತಣಿಯಿತು: ಅಪಟೈಟ್ ಹರಳಿನಿಂದ ಬೆಟ್ಟದ ಸವಕಳಿ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ಧಾರವಾಡದ ನಮ್ಮ ಮನೆಗೆ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರು ಕಲ್ಲಿನ ಚೀಲ ಹೊತ್ತುಕೊಂಡು ಬರುತ್ತಾರೆ. ಒಬ್ಬರು ಗದಗಿನ ಕಪ್ಪತಗುಡ್ಡದ ಕಡೆಯಿಂದ, ಒಬ್ಬರು ರಾಣೆಬೆನ್ನೂರಿನಿಂದ, ಮತ್ತೊಬ್ಬರು ಯಲ್ಲಾಪುರ ದಾಟಿ ಘಟ್ಟ ಇಳಿದು ಬಂದವರು. ಕಲ್ಲಿನೊಳಗೆ ಅಡಗಿರುವ ಅಪಟೈಟ್ ಎಂಬ ಸಣ್ಣ ಖನಿಜ ಹರಳಿನಿಂದ ಆ ಕಲ್ಲು ಯಾವಾಗ ತಣಿಯಿತೆಂದು ಲೆಕ್ಕ ಹಾಕುವುದು ಅವರ ಕೆಲಸ. ಅರ್ಧ ಜನರ ಗೋಳು ಒಂದೇ: "ಸರ್, ಮೂರು ವಾರ ಕುಟ್ಟಿ ತೊಳದ್ವಿ, ಅಪಟೈಟ್ ಒಂದೂ ಸಿಗಲಿಲ್ಲರೀ." ಹರಳು ಸಿಕ್ಕವರ ಪ್ರಶ್ನೆ ಬೇರೆ: "ವಯಸ್ಸು ಬಂತು ಸರ್. ಬೆಟ್ಟ ಎದ್ದದ್ದು ಅಷ್ಟು ವರ್ಷದ ಹಿಂದ ಅಂತ ಬರೀಲೇನ್ರಿ?"

ಎರಡಕ್ಕೂ ಕಾರಣ ಒಂದೇ. ಮೊದಲು ಮಾಡಬೇಕಾದ್ದನ್ನು ಕೊನೆಗೆ ಮಾಡುತ್ತಾರೆ. ಕಲ್ಲು ತಂದ ಮೇಲೆ ಪ್ರಶ್ನೆ ಹುಡುಕುತ್ತಾರೆ, ವಯಸ್ಸು ಬಂದ ಮೇಲೆ ಅದರ ಅರ್ಥ ಹುಡುಕುತ್ತಾರೆ. ಅದಕ್ಕೇ ಇಲ್ಲಿ ಕೆಲಸವನ್ನು ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ. ಯಾವ ಹಂತವನ್ನೂ ಹಾರಿಸಬೇಡಿ.

## ಶುರು ಮಾಡುವ ಮುಂಚೆ: ಈ ಸಂಖ್ಯೆ ಏನು ಹೇಳುತ್ತದೆ?

ನೆಲದೊಳಗೆ ಆಳಕ್ಕೆ ಹೋದಂತೆ ಬಿಸಿ ಜಾಸ್ತಿ. ಮೇಲಿನ ಪದರ ಸವೆದು ಹೋದರೆ ಕೆಳಗಿದ್ದ ಕಲ್ಲು ಮೇಲ್ಮೈಗೆ ಹತ್ತಿರವಾಗುತ್ತದೆ, ತಣಿಯುತ್ತದೆ. ಒಂದು ಹರಳು ಒಂದು ನಿರ್ದಿಷ್ಟ ಬಿಸಿಗಿಂತ ಕೆಳಗಿಳಿದಾಗ ಅದರೊಳಗಿನ ಗಡಿಯಾರ ಓಡಲು ಶುರುವಾಗುತ್ತದೆ. ನಾವು ಓದುವುದು ಆ ಗಡಿಯಾರವನ್ನು. ಅದು ಕಲ್ಲು ಹುಟ್ಟಿದ ದಿನವೂ ಅಲ್ಲ, ಬೆಟ್ಟ ಎದ್ದ ದಿನವೂ ಅಲ್ಲ. ಕಲ್ಲು ತಣಿದ ಕಾಲ, ಅಷ್ಟೇ.

ನಮ್ಮ ಕಡೆಯ ಹಗೇವನ್ನು ನೆನಪಿಸಿಕೊಳ್ಳಿ. ನೆಲದಡಿ ಜೋಳ ತುಂಬಿಟ್ಟಿದ್ದೀರಿ. ಮೇಲಿನ ಮಣ್ಣನ್ನು ಎರಡು ಅಡಿ ಕೆರೆದು ಹಾಕಿದರೆ ಜೋಳ ಮೇಲ್ಮೈಗೆ ಎರಡು ಅಡಿ ಹತ್ತಿರವಾಯಿತು. ಜೋಳ ಎದ್ದಿಲ್ಲ, ಮಣ್ಣು ಹೋಗಿದೆ. ನಮ್ಮ ವಿಧಾನ ಅಳೆಯುವುದು ಈ ಹತ್ತಿರವಾಗುವಿಕೆಯನ್ನು ಮಾತ್ರ. ಕಲ್ಲು ಎಷ್ಟು ಮೇಲೇರಿತು ಎಂಬುದರಲ್ಲಿ ಎಷ್ಟು ಸವೆಯಿತು ಎಂಬುದನ್ನು ಕಳೆದರೆ ನೆಲದ ಮಟ್ಟ ಎಷ್ಟು ಎತ್ತರವಾಯಿತು ಎಂಬುದು ಸಿಗುತ್ತದೆ. ಈ ಮೂರನ್ನೂ ಬೇರೆ ಬೇರೆಯಾಗಿ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳಿ. ಕಡೆಯ ಹಂತದಲ್ಲಿ ಬೇಕಾಗುತ್ತದೆ.

## ಹೊಂದಿಸಿಕೊಳ್ಳಬೇಕಾದ ಸಾಮಾನು

ಎರಡು ಕೆಜಿ ಸುತ್ತಿಗೆ, ಉಳಿ, ಜಿಪಿಎಸ್, ಗಟ್ಟಿ ಪ್ಲಾಸ್ಟಿಕ್ ಚೀಲ, ಅಳಿಸದ ಪೆನ್ನು. ಕಬ್ಬಿಣದ ಕುಟ್ಟಾಣಿ ಅಥವಾ ಲ್ಯಾಬಿನ ಜಾ ಕ್ರಷರ್. ನೈಲಾನ್ ಬಟ್ಟೆಯ ಜರಡಿ. ಅಗಲವಾದ ಪ್ಲಾಸ್ಟಿಕ್ ಬೋಗುಣಿ. ಭಾರದ ದ್ರವ, ಬೇರ್ಪಡಿಸುವ ಫನೆಲ್, ಫಿಲ್ಟರ್ ಪೇಪರ್, ಡಿಸ್ಟಿಲ್ಡ್ ವಾಟರ್. ಫ್ರಾಂಟ್ಜ್ ಕಾಂತ ಯಂತ್ರ. ಬೈನಾಕ್ಯುಲರ್ ಸೂಕ್ಷ್ಮದರ್ಶಕ. ಎಪಾಕ್ಸಿ, ಪಾಲಿಶ್ ಮಾಡುವ ಬಟ್ಟೆ ಮತ್ತು ಪುಡಿ, ನೈಟ್ರಿಕ್ ಆಮ್ಲ, ಥರ್ಮಾಮೀಟರ್, ಸ್ಟಾಪ್‌ವಾಚ್. ಇಲ್ಲಿಯವರೆಗಿನದು ಒಳ್ಳೆಯ ಭೂವಿಜ್ಞಾನ ವಿಭಾಗದಲ್ಲಿ ಹೊಂದಿಸಿಕೊಳ್ಳಬಹುದಾದ ಸಾಮಾನು.

ಹರಳಿನಲ್ಲಿ ಯುರೇನಿಯಂ ಎಷ್ಟಿದೆ ಎಂದು ತಿಳಿಯಲು ನ್ಯೂಟ್ರಾನ್ ಹಾಯಿಸುವ ರಿಯಾಕ್ಟರ್ ಬೇಕು, ಅಥವಾ ಲೇಸರ್ ಹೊಡೆದು ಯುರೇನಿಯಂ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಅದಕ್ಕೆ ಹೊರಗಿನ ಲ್ಯಾಬಿಗೇ ಹೋಗಬೇಕು. ಅಲ್ಲಿ ಸರತಿ ತಿಂಗಳುಗಟ್ಟಲೆ ಇರುತ್ತದೆ. ಕಲ್ಲು ಆರಿಸುವ ಮುಂಚೆಯೇ ಆ ಲ್ಯಾಬಿಗೆ ಪತ್ರ ಬರೆಯಿರಿ. ಅವರು ಯಾವ ಅಳತೆಯ ಮೌಂಟ್ (ಎಪಾಕ್ಸಿಯಲ್ಲಿ ಹರಳು ಕೂರಿಸಿದ ಬಿಲ್ಲೆ) ತೆಗೆದುಕೊಳ್ಳುತ್ತಾರೆ, ಯಾವ ಎಚ್ಚಿಂಗ್ (ಆಮ್ಲದಿಂದ ಕೊರೆಯುವ) ಕ್ರಮ ಬಳಸುತ್ತಾರೆ ಎಂದು ಕೇಳಿಕೊಂಡು ಅದನ್ನೇ ಪಾಲಿಸಿ.

## ಹಂತ 1: ಪ್ರಶ್ನೆ ಬರೆಯಿರಿ, ಆಮೇಲೆ ಹರಳು ಆರಿಸಿ

ಗಡಿಯಾರ ಎಂದರೆ ಹರಳಿನೊಳಗೆ ಕಾಲ ಕಳೆದಂತೆ ಕೂಡುತ್ತಾ ಹೋಗುವ ಗುರುತು: ಯುರೇನಿಯಂ ಕ್ಷಯಿಸಿ ಹುಟ್ಟುವ ಹೀಲಿಯಂ, ಪೊಟ್ಯಾಸಿಯಂನಿಂದ ಹುಟ್ಟುವ ಆರ್ಗಾನ್, ಅಥವಾ ಯುರೇನಿಯಂ ಪರಮಾಣು ಒಡೆದಾಗ ಉಳಿಯುವ ಗಾಯದ ಗೆರೆ. ಈ ಗೆರೆಗೆ ಫಿಷನ್ ಟ್ರ್ಯಾಕ್ ಎನ್ನುತ್ತಾರೆ, ಮುಂದೆ ನಾನು ಜಾಡು ಎಂದೂ ಕರೆಯುತ್ತೇನೆ. ಬಿಸಿ ಜಾಸ್ತಿ ಇದ್ದಾಗ ಇವು ಹರಳಿನಲ್ಲಿ ಉಳಿಯುವುದಿಲ್ಲ. ಒಂದೊಂದು ಖನಿಜದ ಗಡಿಯಾರ ಒಂದೊಂದು ಬಿಸಿಯಲ್ಲಿ ಶುರುವಾಗುತ್ತದೆ. ಅಪಟೈಟ್‌ನ ಹೀಲಿಯಂ ಗಡಿಯಾರ ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಪಟೈಟ್‌ನ ಫಿಷನ್ ಟ್ರ್ಯಾಕ್ ಸುಮಾರು 110ರಲ್ಲಿ, ಜಿರ್ಕಾನ್‌ನ ಹೀಲಿಯಂ ಸುಮಾರು 180ರಲ್ಲಿ, ಜಿರ್ಕಾನ್‌ನ ಫಿಷನ್ ಟ್ರ್ಯಾಕ್ ಸುಮಾರು 240ರಲ್ಲಿ. ಬಯೋಟೈಟ್ ಅಭ್ರಕದ ಆರ್ಗಾನ್ ಸುಮಾರು 300ರಲ್ಲಿ, ಹಾರ್ನ್‌ಬ್ಲೆಂಡ್‌ನದು 500ರ ಆಸುಪಾಸು. ಎಲ್ಲದಕ್ಕೂ "ಸುಮಾರು" ಸೇರಿಸಿದ್ದೇನೆ. ಕಲ್ಲು ಎಷ್ಟು ಬೇಗ ತಣಿಯಿತು, ಹರಳು ಎಷ್ಟು ದೊಡ್ಡದು, ಒಳಗೆ ಏನಿದೆ ಎಂಬುದರ ಮೇಲೆ ಈ ಸಂಖ್ಯೆಗಳು ಆಚೀಚೆ ಆಗುತ್ತವೆ.

ನಮ್ಮ ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಅವುಗಳ ಹಾರ್ನ್‌ಬ್ಲೆಂಡ್ ಅಳೆದರೆ ಬರುವ ಉತ್ತರವೂ ತೀರಾ ಹಳೆಯದೇ. ಇವತ್ತಿನ ಸಹ್ಯಾದ್ರಿಗೂ ಅದಕ್ಕೂ ಸಂಬಂಧವಿಲ್ಲ. ಮಡಗಾಸ್ಕರ್ ನಮ್ಮಿಂದ ಬೇರೆಯಾದದ್ದು ಸುಮಾರು 9 ಕೋಟಿ ವರ್ಷದ ಹಿಂದೆ, ದಖ್ಖನ್ ಲಾವಾ ಹರಿದದ್ದು 6.6 ಕೋಟಿ ವರ್ಷದ ಹಿಂದೆ. ಇದರ ನಂತರ ಪಶ್ಚಿಮ ಅಂಚು ಹೇಗೆ ಸವೆಯಿತು ಎಂಬುದು ನಿಮ್ಮ ಪ್ರಶ್ನೆಯಾದರೆ ಕಡಿಮೆ ಬಿಸಿಯ ಎರಡು ಗಡಿಯಾರ ಬೇಕು: ಅಪಟೈಟ್ ಫಿಷನ್ ಟ್ರ್ಯಾಕ್ ಮತ್ತು ಅಪಟೈಟ್ ಹೀಲಿಯಂ. ಒಂದೇ ಗಡಿಯಾರದಿಂದ ಅಂದಿನಿಂದ ಇಂದಿನವರೆಗಿನ ಸರಾಸರಿ ದರವಷ್ಟೇ ಸಿಗುತ್ತದೆ, ನಡುವೆ ದರ ಬದಲಾಯಿತೇ ಎಂಬುದು ಸಿಗುವುದಿಲ್ಲ. ಎರಡಿದ್ದರೆ ಎರಡು ಬಿಸಿ, ಎರಡು ಕಾಲ. ನಡುವೆ ಎಳೆಯಲು ಒಂದು ಗೆರೆ.

## ಹಂತ 2: ಕಲ್ಲು ಆರಿಸುವುದು

ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಬೇಕಾದದ್ದು ಗ್ರಾನೈಟ್, ಗ್ನೈಸ್ (ಪಟ್ಟೆ ಪಟ್ಟೆಯಾಗಿ ಕಾಣುವ ಗಟ್ಟಿ ಶಿಲೆ), ಗ್ರಾನೈಟ್ ಜಾತಿಯದೇ ಆದ ಗ್ರಾನೊಡಯೊರೈಟ್. ಮರಳುಗಲ್ಲು ಕೂಡ ಆಗಬಹುದು, ಆದರೆ ಅದರಲ್ಲಿ ಬೇರೆ ಬೇರೆ ಮೂಲದ ಹರಳು ಬೆರೆತಿರುತ್ತವೆ. ಕಪ್ಪತಗುಡ್ಡದ ಬೆನ್ನಿನಲ್ಲಿ ಎದ್ದು ಕಾಣುವುದು ಹಸಿರು ಶಿಸ್ಟ್ ಮತ್ತು ಕಬ್ಬಿಣದ ಪಟ್ಟೆಗಲ್ಲು. ನೋಡಲು ಚೆಂದ, ಹಿಡಿದರೆ ಭಾರ, ಆದರೆ ಅಪಟೈಟ್‌ಗೆ ನಂಬುವ ಹಾಗಿಲ್ಲ. ಕ್ವಾರ್ಟ್‌ಜೈಟ್, ಸಣ್ಣ ಕಣದ ಫಿಲೈಟ್ ಕೂಡ ಬೇಡ. ಧಾರವಾಡ, ಹಾವೇರಿ ಸುತ್ತಿನ ಗ್ರೇವ್ಯಾಕಿ ಎಂಬ ಮಣ್ಣು ಬೆರೆತ ಮರಳುಗಲ್ಲಿನಲ್ಲಿ ಹರಳು ಸಿಕ್ಕರೂ ತೀರಾ ಸಣ್ಣವು. ಗುಡ್ಡ ಬಿಟ್ಟು ಕೆಳಗಿಳಿಯಿರಿ, ಸುತ್ತಲಿನ ಗ್ನೈಸ್ ಅಥವಾ ಗ್ರಾನೈಟ್ ಹುಡುಕಿ. ಇನ್ನೊಂದು ಮಾತು: ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿ ಇಲ್ಲದೆ ಅಲ್ಲಿ ಸುತ್ತಿಗೆ ಎತ್ತಬೇಡಿ.

ಎರಡನೆಯದು ಕೊಳೆತ ಕಲ್ಲು. ಅಪಟೈಟ್ ಎಂದರೆ ಕ್ಯಾಲ್ಸಿಯಂ ಫಾಸ್ಫೇಟ್. ನಮ್ಮ ಹಲ್ಲು, ಮೂಳೆ ಕೂಡ ಅದೇ ಜಾತಿಯದು. ಹುಳಿ ನೀರಿಗೆ ಅದು ಕರಗುತ್ತದೆ. ಘಟ್ಟದ ಮಳೆಯಲ್ಲಿ ಸಾವಿರಾರು ವರ್ಷ ನೆಂದ ಕಲ್ಲು ಹೊರಗಿನಿಂದ ಗ್ನೈಸ್ ಹಾಗೆಯೇ ಕಾಣುತ್ತದೆ, ಪಟ್ಟೆ ಕೂಡ ಹಾಗೆಯೇ ಇರುತ್ತದೆ, ಒಳಗೆ ಅಪಟೈಟ್ ಇರುವುದಿಲ್ಲ. ಪರೀಕ್ಷೆ ಸುಲಭ. ಸುತ್ತಿಗೆಯಿಂದ ಹೊಡೆಯಿರಿ. "ಠಣ್" ಎಂದು ಸದ್ದಾಗಿ ಸುತ್ತಿಗೆ ಹಿಂದಕ್ಕೆ ಪುಟಿದರೆ ಒಳ್ಳೆಯದು. "ದಪ್" ಎಂದರೆ ಬಿಟ್ಟುಬಿಡಿ. ಮುರಿದ ಮುಖದಲ್ಲಿ ಫೆಲ್ಡ್‌ಸ್ಪಾರ್ ಹೊಳೆಯಬೇಕು. ಅದು ಸುಣ್ಣದ ಪುಡಿಯ ಹಾಗೆ ಮಂಕಾಗಿದ್ದರೆ, ಉಗುರಿಗೆ ಅಂಟಿದರೆ, ಆ ಕಲ್ಲು ಬೇಡ. ಒಮ್ಮೆ ಒಬ್ಬ ಹುಡುಗ ಘಟ್ಟದ ರಸ್ತೆ ಬದಿಯಿಂದ ಕೆಂಪು ಬಣ್ಣದ ನಾಲ್ಕು ಕೆಜಿ ಕಲ್ಲು ತಂದಿದ್ದ. ಎರಡು ಬೆರಳಲ್ಲಿ ಹಿಸುಕಿದೆ, ಪುಡಿಯಾಗಿ ಉದುರಿತು. ಆ ಹುಡುಗನ ಮುಖ ನೋಡಿ ನನಗೆ ತುಂಬ ಬೇಜಾರಾಯಿತು. ಅಷ್ಟು ದೂರ ಬಸ್ಸಿನಲ್ಲಿ ಹೊತ್ತು ತಂದಿದ್ದ.

ಮೂರನೆಯದು ಬೆಂಕಿ. ಬೇಸಿಗೆಯಲ್ಲಿ ಗುಡ್ಡದ ಒಣಹುಲ್ಲಿಗೆ ಬೆಂಕಿ ಬೀಳುವುದು ನಮಗೆಲ್ಲ ಗೊತ್ತು. ಬಂಡೆಯ ಮೇಲಿನ ಎರಡು ಮೂರು ಸೆಂಟಿಮೀಟರ್ ಕಾಯ್ದು ಅಲ್ಲಿನ ಹೀಲಿಯಂ ಹಾರಿಹೋಗಿರಬಹುದು. ಸಿಡಿಲು ಬಡಿದ ಬಂಡೆಯದೂ ಅದೇ ಕಥೆ. ಮೇಲಿನ ಐದು ಸೆಂಟಿಮೀಟರ್ ತೆಗೆದುಹಾಕಿ ಒಳಗಿನದನ್ನು ತೆಗೆದುಕೊಳ್ಳಿ. ಹೊಸದಾಗಿ ಒಡೆದ ಖಣಿ ಇದ್ದರೆ ಇನ್ನೂ ಒಳ್ಳೆಯದು.

ನಾಲ್ಕನೆಯದು ಡೈಕ್. ಕಪ್ಪು ಡಾಲರೈಟ್ ಗೋಡೆ ಹಾಗೆ ನುಗ್ಗಿರುವ ಕಡೆ ಸುತ್ತಲಿನ ಕಲ್ಲು ಕಾಯ್ದಿರುತ್ತದೆ, ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗಿರಬಹುದು. ಡೈಕ್‌ನ ಅಗಲಕ್ಕಿಂತ ಹಲವು ಪಟ್ಟು ದೂರ ಹೋಗಿ.

ಒಂದು ಜಾಗದಿಂದ ಮೂರರಿಂದ ಐದು ಕೆಜಿ ಸಾಕು. ನೆಲಕ್ಕೆ ಅಂಟಿದ ಬಂಡೆಯಿಂದಲೇ ಒಡೆಯಿರಿ, ಉರುಳಿ ಬಂದ ಗುಂಡು ಬೇಡ. ರಸ್ತೆ ಬದಿಯ ಖಡಿ ಗುಡ್ಡೆಯಿಂದ ಆರಿಸಿಕೊಳ್ಳುವುದಂತೂ ಬೇಡವೇ ಬೇಡ. ಅದು ಯಾವ ಊರಿನ ಕಲ್ಲೋ ಯಾರಿಗೆ ಗೊತ್ತು? ಅಕ್ಷಾಂಶ, ರೇಖಾಂಶ, ಎತ್ತರ ಅಲ್ಲೇ ನಿಂತು ಬರೆಯಿರಿ. ಜಿಪಿಎಸ್ ತೋರಿಸುವ ಎತ್ತರದಲ್ಲಿ ತಪ್ಪು ಜಾಸ್ತಿ. ಟೋಪೋಶೀಟ್ (ಎತ್ತರ ತೋರಿಸುವ ಸರ್ವೆ ನಕ್ಷೆ) ಜೊತೆ ಹೋಲಿಸಿ.

## ಹಂತ 3: ಕುಟ್ಟಿ, ಜರಡಿ ಹಿಡಿದು, ತೊಳೆಯುವುದು

ಪರಿಚಯದವರ ಖಡಿ ಮಷಿನ್ ಇದೆ, ಅಲ್ಲಿ ಒಂದು ನಿಮಿಷದ ಕೆಲಸ ಎಂದು ಹೋಗಬೇಡಿ. ಅದರ ಹಲ್ಲುಗಳಲ್ಲಿ ಹತ್ತು ಖಣಿಗಳ ಪುಡಿ ಕೂತಿರುತ್ತದೆ. ಕುಟ್ಟುವಾಗ ಅರೆಯಬೇಡಿ, ಬರೀ ಕುಟ್ಟಿ. ಸ್ವಲ್ಪ ಕುಟ್ಟುವುದು, ಜರಡಿ ಹಿಡಿಯುವುದು, ಉಳಿದದ್ದನ್ನು ಮತ್ತೆ ಕುಟ್ಟುವುದು. ಒಂದೇ ಸಲ ನುಣ್ಣಗೆ ಮಾಡಿದರೆ ಹರಳುಗಳೂ ಒಡೆದು ಹೋಗುತ್ತವೆ. 60ರಿಂದ 250 ಮೈಕ್ರಾನ್ ನಡುವಿನದನ್ನು ಇಟ್ಟುಕೊಳ್ಳಿ. ಜರಡಿ ಬಟ್ಟೆಯನ್ನು ಪ್ರತಿ ಕಲ್ಲಿಗೂ ಹೊಸದಾಗಿ ಕತ್ತರಿಸಿ. ಹಿತ್ತಾಳೆ ಜರಡಿಯ ಕಣ್ಣಲ್ಲಿ ಹಿಂದಿನ ಕಲ್ಲಿನ ಒಂದು ಜಿರ್ಕಾನ್ ಸಿಕ್ಕಿಕೊಂಡಿದ್ದರೂ ಸಾಕು, ಫಲಿತಾಂಶ ಕೆಡುತ್ತದೆ.

ತೊಳೆಯುವುದು ಅಕ್ಕಿ ಗಾಳಿಸಿದ ಹಾಗೆ. ಬೋಗುಣಿಯಲ್ಲಿ ಒಂದು ಹಿಡಿ ಪುಡಿ, ಮುಕ್ಕಾಲು ನೀರು. ಬೋಗುಣಿಯನ್ನು ಸ್ವಲ್ಪ ಓರೆ ಹಿಡಿದು ವೃತ್ತಾಕಾರವಾಗಿ ಆಡಿಸುತ್ತಾ ಇರಿ. ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್ ಹಗುರ, ಮೇಲಕ್ಕೆ ಬಂದು ನೀರಿನ ಜೊತೆ ಹೊರಗೆ ಹೋಗುತ್ತವೆ. ತಳದಲ್ಲಿ ಒಂದು ಕಪ್ಪು ಗೆರೆ ಉಳಿಯುತ್ತದೆ. ಆ ಗೆರೆಯ ಮೇಲಂಚಿನಲ್ಲಿ ಬೂದು ಬಿಳಿ ಬಣ್ಣದ ತೆಳು ಪಟ್ಟೆ ಕಾಣಿಸುತ್ತದಲ್ಲ, ಅಪಟೈಟ್ ಇರುವುದು ಅಲ್ಲಿ. ಹಿಂದೆ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು. ಕೈಚಳಕ ಅದೇ. ಆದರೆ ಒಂದು ವ್ಯತ್ಯಾಸ ಇದೆ: ಚಿನ್ನ ತೀರಾ ಭಾರ, ಸುಲಭಕ್ಕೆ ಕೊಚ್ಚಿ ಹೋಗುವುದಿಲ್ಲ. ಅಪಟೈಟ್‌ನ ಸಾಂದ್ರತೆ 3.2ರ ಆಸುಪಾಸು, ಕ್ವಾರ್ಟ್ಜ್‌ನದು 2.65. ಅಂತರ ಕಡಿಮೆ. ಕೈ ಬಿರುಸಾದರೆ ಎಲ್ಲಾ ಹೊರಗೆ. ಹೊರಗೆ ಹೋದ ನೀರನ್ನು ಇನ್ನೊಂದು ಬೋಗುಣಿಯಲ್ಲಿ ಹಿಡಿದಿಟ್ಟು ಮತ್ತೊಮ್ಮೆ ತೊಳೆಯಿರಿ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ನನ್ನ ಮೊದಲ ಸ್ಯಾಂಪಲ್‌ನ ಪುಡಿಯಲ್ಲಿ ತುಕ್ಕಿನ ಬಣ್ಣ ಇತ್ತು. ಶುದ್ಧವಾಗಲಿ ಎಂದು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿಟ್ಟೆ. ಬೆಳಿಗ್ಗೆ ಪುಡಿ ಬೆಳ್ಳಗೆ ಹೊಳೆಯುತ್ತಿತ್ತು. ಅಪಟೈಟ್ ಪೂರ್ತಿ ಕರಗಿ ಹೋಗಿತ್ತು. ಎರಡು ತಿಂಗಳ ಕೆಲಸ. ಬಲವಾದ ಆಮ್ಲ ಯಾವುದೂ ಬೇಡ. ತುಕ್ಕು ಇದ್ದರೆ ಇರಲಿ, ಕಾಂತ ನೋಡಿಕೊಳ್ಳುತ್ತದೆ.

ಒಣಗಿಸುವುದು ಬಿಸಿಲಲ್ಲಿ, ಇಲ್ಲವೇ 50 ಡಿಗ್ರಿಯ ಓವನ್‌ನಲ್ಲಿ. ಬೇಗ ಆಗಲಿ ಎಂದು ಬಾಣಲೆಯಲ್ಲಿ ಹಾಕಿ ಒಲೆ ಮೇಲೆ ಇಟ್ಟವರಿದ್ದಾರೆ. ಒಲೆಯ ಬಿಸಿಗೆ ಜಾಡು ಕುಗ್ಗುತ್ತವೆ, ಹೀಲಿಯಂ ಹಾರುತ್ತದೆ. ಕೋಟಿಗಟ್ಟಲೆ ವರ್ಷದ ದಾಖಲೆ ಅರ್ಧ ಗಂಟೆಯಲ್ಲಿ ಕೆಡುತ್ತದೆ.

## ಹಂತ 4: ಭಾರದ ದ್ರವ ಮತ್ತು ಕಾಂತ

ಮೊದಲು ಕೈ ಕಾಂತದಿಂದ ಮ್ಯಾಗ್ನೆಟೈಟ್ ಮತ್ತು ಕುಟ್ಟಾಣಿಯ ಕಬ್ಬಿಣದ ಚೂರು ತೆಗೆಯಿರಿ. ಕಾಂತಕ್ಕೆ ಪ್ಲಾಸ್ಟಿಕ್ ಸುತ್ತಿಕೊಂಡರೆ ಬಿಡಿಸುವುದು ಸುಲಭ.

ನಂತರ ಸುಮಾರು 2.85 ಸಾಂದ್ರತೆಯ ದ್ರವ. ಬ್ರೋಮೋಫಾರ್ಮ್ ವಿಷ, ಅದರ ಹಬೆಯೂ ಕೆಟ್ಟದ್ದು. ಸಾಧ್ಯವಿದ್ದರೆ ಸೋಡಿಯಂ ಪಾಲಿಟಂಗ್‌ಸ್ಟೇಟ್ ಬಳಸಿ. ಅದು ನೀರಲ್ಲಿ ಕರಗುವಂಥದ್ದು. ಆದರೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಮುಟ್ಟಿಸಬೇಡಿ. ನಮ್ಮ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಸೇರಿದರೆ ಬಿಳಿ ಗಸಿ ಕೂರುತ್ತದೆ, ದುಬಾರಿ ದ್ರವ ಹಾಳು. ಉಕ್ಕು, ಅಲ್ಯುಮಿನಿಯಂ ಪಾತ್ರೆ ಮುಟ್ಟಿದರೆ ದ್ರವ ನೀಲಿಯಾಗುತ್ತದೆ, ಅದೂ ಎಚ್ಚರಿಕೆಯ ಗುರುತೇ. ಗಾಜು ಅಥವಾ ಪ್ಲಾಸ್ಟಿಕ್ ಮಾತ್ರ.

ಮುಳುಗಿದ್ದನ್ನು ತೊಳೆದು ಒಣಗಿಸಿ ಫ್ರಾಂಟ್ಜ್ ಯಂತ್ರಕ್ಕೆ ಹಾಕಿ. ಕರೆಂಟ್ ಅನ್ನು ಹಂತಹಂತವಾಗಿ ಏರಿಸಿ. ಒಮ್ಮೆಲೇ ಏರಿಸಿದರೆ ಬಯೋಟೈಟ್, ಹಾರ್ನ್‌ಬ್ಲೆಂಡ್ ಗುಂಪಾಗಿ ಹೋಗುವಾಗ ಅಪಟೈಟ್ ಅನ್ನೂ ಎಳೆದುಕೊಂಡು ಹೋಗುತ್ತವೆ. ಕೊನೆಗೆ ಕಾಂತಕ್ಕೆ ಸಿಗದೆ ಉಳಿದದ್ದನ್ನು 3.3 ಸಾಂದ್ರತೆಯ ಮೀಥೈಲೀನ್ ಅಯೊಡೈಡ್‌ಗೆ ಹಾಕಿದರೆ ಅಪಟೈಟ್ ತೇಲುತ್ತದೆ, ಜಿರ್ಕಾನ್ ಮುಳುಗುತ್ತದೆ. ಜಿರ್ಕಾನ್ ಎಸೆಯಬೇಡಿ, ಮುಂದೆ ಬೇಕಾಗಬಹುದು.

## ಹಂತ 5: ಮೌಂಟ್, ಪಾಲಿಶ್, ಎಚ್ಚಿಂಗ್

ಪೆಟ್ರಿ ಡಿಶ್‌ನಲ್ಲಿ ಸ್ವಲ್ಪ ಆಲ್ಕೋಹಾಲ್ ಹಾಕಿ ಹರಳುಗಳನ್ನು ನೋಡಿ. ಅಪಟೈಟ್ ಸಾಮಾನ್ಯವಾಗಿ ಬಣ್ಣವಿಲ್ಲದ್ದು, ಆರು ಬದಿಯ ಚಿಕ್ಕ ಕಂಬದ ಹಾಗೆ, ತುದಿ ಸ್ವಲ್ಪ ದುಂಡಗೆ. ಆಲ್ಕೋಹಾಲ್‌ನಲ್ಲಿ ಮುಳುಗಿದಾಗ ಕಲ್ಲುಸಕ್ಕರೆಯ ತುಣುಕು ನೆನೆದ ಹಾಗೆ ಮೆತ್ತಗೆ ಹೊಳೆಯುತ್ತದೆ. ಜಿರ್ಕಾನ್ ಹೊಳಪು ಬೇರೆ, ಕಣ್ಣಿಗೆ ಹೊಡೆಯುವಂಥದ್ದು. ಒಮ್ಮೆ ಪರಿಚಯವಾದರೆ ಮತ್ತೆ ಮರೆಯುವುದಿಲ್ಲ.

ನೂರಾರು ಹರಳುಗಳನ್ನು ಎಪಾಕ್ಸಿಯಲ್ಲಿ ಕೂರಿಸಿ, ಒಳಮುಖ ಕಾಣುವವರೆಗೆ ಉಜ್ಜಿ ಪಾಲಿಶ್ ಮಾಡಿ. ಗೀರು ಉಳಿದರೆ ಎಣಿಸುವಾಗ ಅದೇ ಜಾಡಿನ ಹಾಗೆ ಕಂಡು ಮೋಸ ಮಾಡುತ್ತದೆ.

ಎಚ್ಚಿಂಗ್‌ಗೆ ಅನೇಕ ಲ್ಯಾಬ್‌ಗಳು ಬಳಸುವ ಒಂದು ಕ್ರಮ: 5.5 ಮೋಲಾರ್ ನೈಟ್ರಿಕ್ ಆಮ್ಲ, 21 ಡಿಗ್ರಿ, 20 ಸೆಕೆಂಡ್. ಯುರೇನಿಯಂ-238 ತಾನಾಗಿ ಒಡೆದಾಗ ಹರಳಿನಲ್ಲಿ ಉಳಿಯುವ ಗಾಯ ಬರಿಗಣ್ಣಿಗಂತೂ ಇಲ್ಲ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ಆಮ್ಲ ಆ ಗಾಯವನ್ನು ಅಗಲ ಮಾಡಿದಾಗ ಮಾತ್ರ ಕಾಣುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಲ್ಯಾಬ್ ಕೋಣೆ 35 ಡಿಗ್ರಿ ದಾಟುತ್ತದೆ. ಬಾಟಲಿಯಿಂದ ನೇರ ಸುರಿದು 20 ಸೆಕೆಂಡ್ ಎಣಿಸಿದರೆ ಜಾಡು ಅತಿಯಾಗಿ ಅಗಲವಾಗುತ್ತವೆ, ಬೇರೆಯವರ ಅಳತೆಗೆ ಹೋಲಿಸುವ ಹಾಗೇ ಇರುವುದಿಲ್ಲ. ಆಮ್ಲದ ಬೀಕರ್ ಅನ್ನು ತಣ್ಣೀರಿನ ಪಾತ್ರೆಯಲ್ಲಿ ಇಟ್ಟು, ಥರ್ಮಾಮೀಟರ್ ಒಳಗಿಟ್ಟು, 21 ಬಂದ ಮೇಲೆ ಮೌಂಟ್ ಇಳಿಸಿ. ಬಲಗೈಲಿ ಚಿಮುಟ, ಎಡಗೈಲಿ ಸ್ಟಾಪ್‌ವಾಚ್, ಪಕ್ಕದಲ್ಲಿ ನೀರಿನ ಬೀಕರ್ ಸಿದ್ಧ. ಇಪ್ಪತ್ತಕ್ಕೆ ತೆಗೆದು ತಕ್ಷಣ ನೀರಿಗೆ.

## ಹಂತ 6: ನ್ಯೂಟ್ರಾನ್, ನಂತರ ಎಣಿಕೆ

ಮೌಂಟ್ ಮೇಲೆ ಯುರೇನಿಯಂ ಬಹಳ ಕಡಿಮೆ ಇರುವ ಮಸ್ಕೊವೈಟ್ ಅಭ್ರಕದ ಹಾಳೆ ಬಿಗಿಯಾಗಿ ಅಂಟಿಸಿ ರಿಯಾಕ್ಟರ್‌ಗೆ ಕಳಿಸುತ್ತಾರೆ. ಅಲ್ಲಿ ಯುರೇನಿಯಂ-235 ಒಡೆದು ಅಭ್ರಕದಲ್ಲಿ ಜಾಡು ಬಿಡುತ್ತದೆ. ಅದು ಯುರೇನಿಯಂ ಎಷ್ಟಿದೆ ಎಂಬುದರ ಲೆಕ್ಕ. ಹಾಳೆಯ ಕೆಳಗೆ ಗಾಳಿ ಉಳಿದರೆ ಬಿಂಬ ಮಸುಕಾಗುತ್ತದೆ. ವಾಪಸ್ ಬಂದದ್ದು ವಿಕಿರಣ ಇಳಿಯುವವರೆಗೆ ಕಾಯಬೇಕು.

ಅಭ್ರಕವನ್ನು ಎಚ್ ಮಾಡಲು ಹೈಡ್ರೋಫ್ಲೋರಿಕ್ ಆಮ್ಲ ಬೇಕು. ಇಲ್ಲಿ ಸ್ವಲ್ಪ ನಿಲ್ಲಿ. ಈ ಆಮ್ಲ ಚರ್ಮಕ್ಕೆ ತಾಗಿದರೆ ಮೊದಲು ಉರಿ ಗೊತ್ತಾಗದೇ ಇರಬಹುದು, ಒಳಗೆ ಇಳಿದು ರಕ್ತದ ಕ್ಯಾಲ್ಸಿಯಂ ಎಳೆದು ಪ್ರಾಣಕ್ಕೆ ಬರಬಹುದು. ಒಬ್ಬರೇ ಇದ್ದಾಗ ಬಾಟಲಿ ತೆಗೆಯಬೇಡಿ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆ ಸಿಗುವ ಹಾಗೆ ಇರಬೇಕು. ಗಾಜಿನ ಪಾತ್ರೆ ಬಳಸಬೇಡಿ, ಗಾಜನ್ನೇ ಅದು ತಿನ್ನುತ್ತದೆ. ಫ್ಯೂಮ್ ಹುಡ್ ಕೆಟ್ಟಿದ್ದರೆ ಅವತ್ತಿನ ಕೆಲಸ ಅಲ್ಲಿಗೆ ಬಿಟ್ಟು ಮನೆಗೆ ಹೋಗಿ. ತಾಗಿಬಿಟ್ಟರೆ ತಕ್ಷಣ ಧಾರಾಳ ನೀರಲ್ಲಿ ತೊಳೆದು, ಜೆಲ್ ಹಚ್ಚಿಕೊಂಡು, ಉರಿ ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಿ.

ಎಣಿಕೆ ಸುಮಾರು 1000ದಿಂದ 1250 ಪಟ್ಟು ಹಿಗ್ಗಿಸಿದ ನೋಟದಲ್ಲಿ. ಜಾಡು ನೇರವಾದ ಕಪ್ಪು ಕೂದಲಿನ ತುಂಡಿನ ಹಾಗೆ, ಎಲ್ಲ ದಿಕ್ಕಿಗೂ ಚದುರಿರುತ್ತವೆ. ಬಾಗಿದ್ದರೆ, ಸಾಲಾಗಿ ಒಂದೇ ದಿಕ್ಕಿಗೆ ನಿಂತಿದ್ದರೆ ಅದು ಹರಳಿನ ದೋಷ, ಎಣಿಸಬೇಡಿ. ಎಚ್ ಆದ ಬಾಯಿಗಳೆಲ್ಲ (ಜಾಡು ಮೇಲ್ಮೈ ಮುಟ್ಟುವಲ್ಲಿ ಆಮ್ಲ ಕೊರೆದ ಸಣ್ಣ ಕುಳಿಗಳು) ಒಂದಕ್ಕೊಂದು ಸಮಾನಾಂತರವಾಗಿ ಕಾಣುವ ಹರಳುಗಳನ್ನೇ ಆರಿಸಿ. ಆ ಮುಖ ಹರಳಿನ ಉದ್ದಕ್ಕೆ ಸರಿಯಾಗಿ ಕೊಯ್ದದ್ದು ಎಂದು ಅರ್ಥ.

ಕನಿಷ್ಠ 20 ಹರಳು ಎಣಿಸಿ. ಬಹಳ ಜನ ಜಾಡು ಜಾಸ್ತಿ ಇರುವ ಹರಳನ್ನಷ್ಟೇ ಆರಿಸುತ್ತಾರೆ, ಬೇಗ ಮುಗಿಯುತ್ತದಲ್ಲ ಎಂದು. ಅದು ಫಲಿತಾಂಶವನ್ನು ಒಂದು ಕಡೆ ವಾಲಿಸುತ್ತದೆ. ಜಾಡೇ ಇಲ್ಲದ ಹರಳೂ ಲೆಕ್ಕಕ್ಕೆ ಬರಬೇಕು. ಎಡದಿಂದ ಬಲಕ್ಕೆ ಸಾಲು ಹಿಡಿದು ಹೋಗಿ, ಅಳೆಯಲು ಯೋಗ್ಯವಾದ ಹರಳು ಬಂದಾಗೆಲ್ಲ ನಿಲ್ಲಿ.

## ಹಂತ 7: ವಯಸ್ಸಿನ ಲೆಕ್ಕ

ಇಲ್ಲಿ ಝೀಟಾ ಎಂಬ ಸಂಖ್ಯೆ ಬರುತ್ತದೆ, ಅಂದರೆ ನಿಮ್ಮ ಎಣಿಕೆಯನ್ನು ನಿಜವಾದ ವಯಸ್ಸಿಗೆ ಹೊಂದಿಸುವ ಗುಣಕ. ವಯಸ್ಸು ಗೊತ್ತಿರುವ ಹರಳನ್ನು, ಅಂದರೆ 3.14 ಕೋಟಿ ವರ್ಷದ ಡುರಾಂಗೊ ಅಥವಾ ಸುಮಾರು 2.8 ಕೋಟಿ ವರ್ಷದ ಫಿಶ್ ಕ್ಯಾನ್ಯನ್ ಅಪಟೈಟ್ ಅನ್ನು, ನೀವೇ ಎಣಿಸಿ ನಿಮ್ಮ ಕಣ್ಣಿನ ಝೀಟಾ ಕಂಡುಕೊಳ್ಳಬೇಕು. ಗೆಳೆಯರ ಝೀಟಾ ಎರವಲು ತರಬೇಡಿ. ಅವರು ಎಣಿಸುವ ರೀತಿ ಬೇರೆ, ನಿಮ್ಮದು ಬೇರೆ.

ಲೆಕ್ಕ ಹೇಗೆ ಹೋಗುತ್ತದೆಂದು ತೋರಿಸಲು ನಾನೇ ಕಟ್ಟಿದ ಉದಾಹರಣೆ ನೋಡಿ. ಹರಳಿನಲ್ಲಿ ಒಟ್ಟು 900 ಜಾಡು, ಅಭ್ರಕದಲ್ಲಿ 1125. ಅನುಪಾತ 0.8. ಝೀಟಾ 350, ಡೋಸಿಮೀಟರ್ ಗಾಜಿನ (ನ್ಯೂಟ್ರಾನ್ ಎಷ್ಟು ಹಾಯಿತೆಂದು ತಿಳಿಯಲು ಮೌಂಟ್ ಜೊತೆ ಕಳಿಸುವ, ಯುರೇನಿಯಂ ಪ್ರಮಾಣ ಗೊತ್ತಿರುವ ಗಾಜು) ಮೇಲಿನ ಅಭ್ರಕದಲ್ಲಿ ಪ್ರತಿ ಚದರ ಸೆಂ.ಮೀ.ಗೆ 12 ಲಕ್ಷ ಜಾಡು. ಹರಳಿನ ಮುಖಕ್ಕೆ ಜಾಡು ಎರಡೂ ಕಡೆಯಿಂದ ಬಂದಿರುತ್ತವೆ, ಅಭ್ರಕಕ್ಕೆ ಒಂದೇ ಕಡೆಯಿಂದ, ಅದಕ್ಕೇ 0.5ರಿಂದ ಗುಣಿಸಬೇಕು. 350 × 0.5 × 12 ಲಕ್ಷ × 0.8 = 16.8 ಕೋಟಿ. ಇದನ್ನು ಯುರೇನಿಯಂ-238ರ ಕ್ಷಯಾಂಕ 1.55125 × 10⁻¹⁰ರಿಂದ ಗುಣಿಸಿ, 1 ಕೂಡಿಸಿ, ನ್ಯಾಚುರಲ್ ಲಾಗ್ (ln) ತೆಗೆದು, ಮತ್ತೆ ಅದೇ ಕ್ಷಯಾಂಕದಿಂದ ಭಾಗಿಸಿದರೆ ಸುಮಾರು 16.6 ಕೋಟಿ ವರ್ಷ. ಎಣಿಕೆಯ ಮತ್ತು ಝೀಟಾದ ತಪ್ಪುಗಳನ್ನು ಸೇರಿಸಿದರೆ ± 0.9 ಕೋಟಿ ಬರುತ್ತದೆ. ಈ ± ಇಲ್ಲದ ವಯಸ್ಸನ್ನು ಎಲ್ಲೂ ಬರೆಯಬೇಡಿ.

ಕೈ-ಸ್ಕ್ವೇರ್ (χ²) ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಸಂಭವನೀಯತೆ ಶೇ. 5ಕ್ಕಿಂತ ಕಡಿಮೆ ಬಂದರೆ ಎಲ್ಲ ಹರಳುಗಳೂ ಒಂದೇ ವಯಸ್ಸು ಹೇಳುತ್ತಿಲ್ಲ ಎಂದರ್ಥ. ಆಗ ಸರಾಸರಿ ತೆಗೆದು ಮುಗಿಸಬೇಡಿ. ಬೇರೆ ಕಲ್ಲಿನ ಪುಡಿ ಸೇರಿದೆಯೇ, ಹರಳುಗಳ ಕ್ಲೋರಿನ್ ಅಂಶ ಬೇರೆ ಬೇರೆ ಇದೆಯೇ ನೋಡಿ.

## ಹಂತ 8: ಜಾಡಿನ ಉದ್ದ

ವಯಸ್ಸಿಗಿಂತ ಉದ್ದ ಮುಖ್ಯ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಹೊಸ ಜಾಡು ಸುಮಾರು 16 ಮೈಕ್ರಾನ್. ಸುಮಾರು 60ರಿಂದ 110 ಡಿಗ್ರಿಯ ನಡುವೆ ಇದ್ದಷ್ಟು ಕಾಲ ಅದು ಕುಗ್ಗುತ್ತಾ ಹೋಗುತ್ತದೆ. ಸರಾಸರಿ 14.5 ದಾಟಿದರೆ ಕಲ್ಲು ಬೇಗ ತಣಿದಿದೆ. ಅಲ್ಲಿ ವಯಸ್ಸು ಒಂದು ಘಟನೆಯನ್ನು ಹೇಳಬಹುದು. ಸರಾಸರಿ 12-13 ಬಂದು, ಉದ್ದಗಳು ಅಗಲವಾಗಿ ಹರಡಿದ್ದರೆ ಕಲ್ಲು ಆ ಬಿಸಿಯಲ್ಲಿ ಬಹುಕಾಲ ಕೂತಿತ್ತು. ಆಗ 16.6 ಕೋಟಿ ಎಂಬ ಸಂಖ್ಯೆ ಯಾವ ಘಟನೆಯ ತಾರೀಖೂ ಅಲ್ಲ, ಉದ್ದ ಕಥೆಯ ಒಂದು ಸರಾಸರಿ ಅಷ್ಟೇ. ಎರಡು ಗುಂಪು ಕಂಡರೆ ನಡುವೆ ಮತ್ತೆ ಬಿಸಿಯಾಗಿದೆಯೇ ಎಂದು ಅನುಮಾನಿಸಿ. ಸಮತಲವಾಗಿ, ಪೂರ್ತಿ ಒಳಗೇ ಇರುವ ಜಾಡುಗಳನ್ನು ಮಾತ್ರ ಅಳೆಯಿರಿ. ನೂರರ ಗುರಿ ಇರಲಿ.

## ಹಂತ 9: ಹೀಲಿಯಂ

ಲ್ಯಾಬಿನಲ್ಲಿ ಹರಳನ್ನು ಕಾಯಿಸಿ ಹೀಲಿಯಂ ಅಳೆಯುತ್ತಾರೆ, ಆಮೇಲೆ ಅದನ್ನು ಆಮ್ಲದಲ್ಲಿ ಕರಗಿಸಿ ಯುರೇನಿಯಂ ಅಳೆಯುತ್ತಾರೆ. ಅದಕ್ಕೆ ಹರಳು ಒಂದೊಂದಾಗಿ ಆರಿಸಬೇಕು. 70 ಮೈಕ್ರಾನ್‌ಗಿಂತ ಅಗಲ, ಬಿರುಕಿಲ್ಲದ್ದು, ಒಳಗೆ ಏನೂ ಇಲ್ಲದ್ದು. ಒಳಗೆ ಒಂದು ಸಣ್ಣ ಜಿರ್ಕಾನ್ ಅಡಗಿದ್ದರೆ ಅದರ ಹೀಲಿಯಂ ಲೆಕ್ಕಕ್ಕೆ ಬರುತ್ತದೆ, ಆದರೆ ಅದು ನೈಟ್ರಿಕ್ ಆಮ್ಲದಲ್ಲಿ ಕರಗದ ಕಾರಣ ಅದರ ಯುರೇನಿಯಂ ಲೆಕ್ಕಕ್ಕೆ ಬರುವುದಿಲ್ಲ. ವಯಸ್ಸು ಸುಮ್ನೆ ಏರಿಬಿಡುತ್ತದೆ. ಹರಳಿನ ಅಂಚಿನ ಸುಮಾರು 20 ಮೈಕ್ರಾನ್‌ನಿಂದ ಹೀಲಿಯಂ ಹೊರಗೆ ಚಿಮ್ಮಿ ಹೋಗುವುದರಿಂದ ಅಳತೆ ನೋಡಿ ತಿದ್ದುಪಡಿ ಮಾಡಬೇಕು. ಒಂದು ಕಲ್ಲಿಗೆ ಮೂರರಿಂದ ಐದು ಹರಳು.

ನಮ್ಮಂಥ ಹಳೆಯ ನೆಲದಲ್ಲಿ ಹೀಲಿಯಂ ವಯಸ್ಸು ಕೆಲವೊಮ್ಮೆ ಫಿಷನ್ ಟ್ರ್ಯಾಕ್ ವಯಸ್ಸಿಗಿಂತ ಹಳೆಯದಾಗಿ ಬರುತ್ತದೆ. ಕಡಿಮೆ ಬಿಸಿಯ ಗಡಿಯಾರ ಮೊದಲೇ ಶುರುವಾಗಲು ಹೇಗೆ ಸಾಧ್ಯ, ಅಲ್ವಾ? ವಿಕಿರಣದಿಂದ ಹರಳಿಗೆ ಆದ ಹಾನಿಯಲ್ಲಿ ಹೀಲಿಯಂ ಸಿಕ್ಕಿಕೊಳ್ಳುವುದು ಇದಕ್ಕೆ ಮುಖ್ಯ ಕಾರಣ. ಯುರೇನಿಯಂಗೆ 0.235 ಪಟ್ಟು ಥೋರಿಯಂ ಕೂಡಿಸಿ, ಆ ಮೊತ್ತದ ಎದುರು ವಯಸ್ಸನ್ನು ಗುರುತು ಹಾಕಿ. ಮೊತ್ತ ಏರಿದಂತೆ ವಯಸ್ಸೂ ಏರಿದರೆ ಇದೇ ಕಾರಣ. ಆ ಹರಳುಗಳನ್ನು ಎಸೆಯಬೇಡಿ, ಅದೂ ಮಾಹಿತಿಯೇ.

## ಹಂತ 10: ವಯಸ್ಸಿನಿಂದ ಸವಕಳಿಗೆ

ಬಿಸಿಯನ್ನು ಆಳಕ್ಕೆ ತಿರುಗಿಸಲು ಒಂದು ಕಿ.ಮೀ.ಗೆ ಎಷ್ಟು ಡಿಗ್ರಿ ಏರುತ್ತದೆ ಎಂಬುದು ಬೇಕು. ಪುಸ್ತಕದಲ್ಲಿ 30 ಎಂದಿರುತ್ತದೆ, ಎಲ್ಲರೂ ಅದನ್ನೇ ಹಾಕುತ್ತಾರೆ. ಆದರೆ ಧಾರವಾಡ ಕ್ರೇಟಾನ್, ಅಂದರೆ ನಮ್ಮ ಕಾಲಡಿಯ ಪುರಾತನ ಗಟ್ಟಿ ಭೂಭಾಗ, ತಣ್ಣನೆಯ ನೆಲ. ಇಲ್ಲಿ ಒಳಗಿನಿಂದ ಬರುವ ಶಾಖ ಕಡಿಮೆ, ಏರಿಕೆ 12ರ ಆಸುಪಾಸು ಹಿಡಿಯಬಹುದು.

ವ್ಯತ್ಯಾಸ ನೋಡಿ. ಮೇಲ್ಮೈ 25 ಡಿಗ್ರಿ ಎಂದುಕೊಳ್ಳಿ. 110 ಡಿಗ್ರಿ ಮುಟ್ಟಲು 30ರ ಲೆಕ್ಕದಲ್ಲಿ 2.8 ಕಿ.ಮೀ. ಆಳ, 12ರ ಲೆಕ್ಕದಲ್ಲಿ 7.1 ಕಿ.ಮೀ. ಬೇಗ ತಣಿದ, ವಯಸ್ಸು 10 ಕೋಟಿ ವರ್ಷದ ಕಲ್ಲಾದರೆ ಹತ್ತು ಲಕ್ಷ ವರ್ಷಕ್ಕೆ 28 ಮೀಟರ್ ಸವೆಯಿತೋ, 71 ಮೀಟರ್ ಸವೆಯಿತೋ? ಹರಳು ಅದೇ, ಎಣಿಕೆ ಅದೇ. ಉತ್ತರ ಎರಡೂವರೆ ಪಟ್ಟು ಬೇರೆ. ಅದಕ್ಕೇ ಒಂದೇ ಸಂಖ್ಯೆ ಕೊಡಬೇಡಿ. 10, 12, 15 ಹಾಕಿ ಮೂರೂ ಉತ್ತರ ಬರೆಯಿರಿ. ಇವತ್ತಿನ ಏರಿಕೆ ಹತ್ತು ಕೋಟಿ ವರ್ಷದ ಹಿಂದೆಯೂ ಹೀಗೇ ಇತ್ತು ಎಂದು ಹಿಡಿದಿದ್ದೀರಿ, ಅದನ್ನೂ ಬರೆಯಿರಿ.

ಬೆಟ್ಟದ ಬುಡದಿಂದ ತುದಿಯವರೆಗೆ ಕಲ್ಲು ತೆಗೆದು, ಎತ್ತರದ ಎದುರು ವಯಸ್ಸು ಹಾಕುವ ಉಪಾಯ ಹಿಮಾಲಯದಲ್ಲಿ ಚೆನ್ನಾಗಿ ನಡೆಯುತ್ತದೆ. ಅಲ್ಲಿ ಎರಡು ಮೂರು ಕಿ.ಮೀ. ಕಡಿದಾದ ಗೋಡೆ ಸಿಗುತ್ತದೆ. ನಂಗಾ ಪರ್ಬತ್ ಕಡೆ ಹತ್ತು ಇಪ್ಪತ್ತು ಲಕ್ಷ ವರ್ಷದೊಳಗಿನ ವಯಸ್ಸು ಬರುತ್ತವೆ, ಅಷ್ಟು ಬೇಗ ಸವೆಯುವ ಜಾಗ ಅದು. ನಮ್ಮ ಅರಬೈಲ್ ಘಟ್ಟದ ಇಳಿಜಾರು ಕೆಲವು ನೂರು ಮೀಟರ್. 500 ಮೀಟರ್‌ಗೆ 12ರ ಲೆಕ್ಕದಲ್ಲಿ ಬಿಸಿಯ ವ್ಯತ್ಯಾಸ ಬರೀ 6 ಡಿಗ್ರಿ. ನಮ್ಮ ± ಒಳಗೇ ಅದು ಮುಳುಗಿಹೋಗುತ್ತದೆ. ಇಲ್ಲಿ ಎತ್ತರದ ಸಾಲಿಗಿಂತ ಅಡ್ಡ ಸಾಲು ಮೇಲು: ಅಂಕೋಲಾ, ಅರಬೈಲ್, ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ, ಗದಗ. ಸಿಕ್ಕಲ್ಲಿ ಗಟ್ಟಿ ಗ್ನೈಸ್ ಅಥವಾ ಗ್ರಾನೈಟ್. ಕರಾವಳಿಗೂ ಬಯಲುಸೀಮೆಗೂ ಇರುವ ವ್ಯತ್ಯಾಸವೇ ನಿಮ್ಮ ಪ್ರಶ್ನೆಗೆ ಹತ್ತಿರದ್ದು.

## ಹಂತ 11: ಮಾಡೆಲ್

ಕಲ್ಲು ಯಾವ ಕಾಲದಲ್ಲಿ ಎಷ್ಟು ಬಿಸಿ ಇತ್ತು ಎಂಬುದರ ಗೆರೆ ಎಳೆದು ಕೊಡುವ ಹೆಫ್ಟಿ (HeFTy) ಅಥವಾ ಕ್ಯೂಟಿಕ್ಯೂಟಿ (QTQt) ಸಾಫ್ಟ್‌ವೇರ್‌ಗೆ ಪ್ರತಿ ಹರಳಿನ ಎಣಿಕೆ, ಉದ್ದ, ಎಚ್ ಆದ ಬಾಯಿಯ ಅಗಲ, ಹೀಲಿಯಂ ವಯಸ್ಸು ಕೊಡಿ. ಹೊರಗಿನಿಂದ ಹೇರುವ ಷರತ್ತು ಆದಷ್ಟು ಕಡಿಮೆ ಇರಲಿ. ಭೂವಿಜ್ಞಾನ ಖಚಿತವಾಗಿ ಹೇಳುವುದನ್ನು ಮಾತ್ರ ಹಾಕಿ. ಉದಾಹರಣೆಗೆ, ಉತ್ತರಕ್ಕೆ ಬೆಳಗಾವಿ ಕಡೆ ಹಳೆಯ ಶಿಲೆಯ ಮೇಲೆ ದಖ್ಖನ್ ಲಾವಾ ಕೂತಿದೆ. ಲಾವಾದ ತಳಕ್ಕೆ ತಾಗಿದ ಕಲ್ಲು 6.6 ಕೋಟಿ ವರ್ಷದ ಹಿಂದೆ ಮೇಲ್ಮೈಯಲ್ಲೇ ಇತ್ತು. ಇದು ಗಟ್ಟಿ ಷರತ್ತು. "ಆಗ ಬೆಟ್ಟ ಎದ್ದಿರಬೇಕು" ಎಂಬುದು ಷರತ್ತಲ್ಲ, ನಿಮ್ಮ ಆಸೆ. ಅದನ್ನು ಒಳಗೆ ಹಾಕಿದರೆ ಅದೇ ಹೊರಗೆ ಬರುತ್ತದೆ.

ಚಿತ್ರದಲ್ಲಿ 120 ಡಿಗ್ರಿಯ ಮೇಲೆ ಓಡಾಡುವ ಗೆರೆಗಳಿಗೆ ಅರ್ಥ ಕೊಡಬೇಡಿ, ಅಪಟೈಟ್‌ಗೆ ಅಲ್ಲಿಯ ನೆನಪಿಲ್ಲ. 40ರ ಕೆಳಗೂ ಹಾಗೆಯೇ. ಈಗ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಹಿಂದಿರುಗಿ. ಗೆರೆ ಕಡಿದಾಗಿ ಇಳಿದ ಕಡೆ "ಆಗ ಸವಕಳಿ ಬಿರುಸಾಯಿತು" ಎಂದು ಬರೆಯಬಹುದು. "ಆಗ ಬೆಟ್ಟ ಎದ್ದಿತು" ಎಂದು ಬರೆಯಲು ಬೇರೆ ಸಾಕ್ಷಿ ಬೇಕು: ನದಿಯ ಹಳೆಯ ಮೆಟ್ಟಿಲುಗಳು, ಜಂಬಿಟ್ಟಿಗೆ ಹಾಸು, ಕಡಲಲ್ಲಿ ಕೂತ ಹೂಳಿನ ದಪ್ಪ. ಮಳೆ ಜಾಸ್ತಿಯಾದರೂ ಸವಕಳಿ ಬಿರುಸಾಗುತ್ತದೆ, ಸಮುದ್ರ ಮಟ್ಟ ಇಳಿದರೂ ಆಗುತ್ತದೆ.

ವರದಿ ಕೊಡುವಾಗ ಪ್ರತಿ ಹರಳಿನ ಎಣಿಕೆ, ಝೀಟಾ, ಎಚ್ಚಿಂಗ್ ಕ್ರಮ, ಉದ್ದಗಳ ಪಟ್ಟಿ ಎಲ್ಲವನ್ನೂ ಕೊನೆಗೆ ಸೇರಿಸಿ. ಉಳಿದ ಪುಡಿ, ಜಿರ್ಕಾನ್, ಮುರಿದ ಕಲ್ಲಿನ ಒಂದು ತುಂಡು ಎತ್ತಿಡಿ. ಚೀಟಿಯನ್ನು ಚೀಲದ ಹೊರಗೂ ಅಂಟಿಸಿ, ಒಳಗೂ ಒಂದು ಹಾಕಿ. ಮಳೆಗಾಲದಲ್ಲಿ ಹೊರಗಿನ ಚೀಟಿ ಉದುರುತ್ತದೆ.